ಮಂಚಕ್ಕೆ ಮರೆಯಾದ ಕಂಬಳಿ

ಮಾಳಿಂಗರಾಯ ಪಾಮನಕಲ್ಲೂರಿನ ಕುರಿಗಾರ. ಹುಟ್ಟಿದಾಗಿನಿಂದ ಬಯಲಿಗೇ ಹೋದವನು, ಆದರೆ ಜಾಲಿ ಗಿಡದ ಮರೆಯಿಲ್ಲದೆ ಕೂತವನಲ್ಲ. ಬಂಡೆಯಿಂದ ಜಾರಿ ಸೊಂಟ ಮುರಿದುಕೊಂಡು ಲಿಂಗಸುಗೂರಿನ ಒಂದು ದವಾಖಾನೆ ಸೇರಿದ. ಅಂದಿನಿಂದ ಅವನಿಗೆ ಹೊರಕಡೆ ಆಗಲೇ ಇಲ್ಲ.

ಆಗುವುದಾದರೂ ಹೇಗೆ? ಊರಿಂದ ಟಂಟಂ ಗಾಡಿ ತುಂಬ ಮಂದಿ ನೋಡಲು ಬರುತ್ತಿದ್ದರು. ಬಾಳೆಹಣ್ಣು ತಂದು, ಮಂಚದ ಸುತ್ತ ಕೂತು, ಸಂಜೆತನಕ ಎಲೆಅಡಿಕೆ ಜಗಿಯುತ್ತಿದ್ದರು. ಅವರೆದುರು ಬೆಡ್‌ಪ್ಯಾನ್ ತಂದರೆ ಮಾಳಿಂಗರಾಯ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದ. ಹೊಟ್ಟೆ ಡೊಳ್ಳಿನಂತೆ ಬಿಗಿಯಿತು. ಬಾಯಿ ನಾರಿತು. ರೊಟ್ಟಿ ಬಿಟ್ಟ, ಮಾತು ಬಿಟ್ಟ. ಹೆಂಡತಿ ಗ್ಯಾನಮ್ಮ ಗಂಜಿ ಕುಡಿಸಲು ಹೋದರೆ ಬಟ್ಟಲು ಬೀಸಿ ಒಗೆದ.

"ನನ್ನ ಸಾಯಾಕ ಬಿಡಬೇ."

"ಗಾಳಿ ಬಡದೈತಿ ಇವಗ. ತಾಯತ ಕಟ್ಟಸ್ರಿ," ಎಂದ ಅವನ ಅಣ್ಣ ಬಾಲಪ್ಪ, ತಾನು ತಂದ ಹಣ್ಣು ತಾನೇ ಸುಲಿದು ತಿನ್ನುತ್ತ.

ನರ್ಸ್ ಗೌಸಿಯಾ ಹೊಟ್ಟೆ ಒತ್ತಿ ನೋಡಿದಳು. "ಗಾಳಿ ಅಲ್ಲ, ಒಳಗ ಕಲ್ಲಾಗೈತಿ. ಅದಕ್ಕ ಮನಸೂ ಕೆಟ್ಟೈತಿ. ಎನಿಮಾ ಕೊಡ್ತೀನಿ. ಆದ್ರ ಇವರ ಜಾಗದಾಗ ನಾನಿದ್ರೂ ಇಷ್ಟು ಮಂದಿ ಮುಂದ ಹೆಂಗ ಕುಂದರಲಿ, ದೊಡ್ಡಮ್ಮಾ?"

ಅಲ್ಲಿ ಪರದೆ ಇರಲಿಲ್ಲ. ಗ್ಯಾನಮ್ಮ ಗಂಡನ ಕರಿ ಕಂಬಳಿ ತೆಗೆದು ಸಲೈನ್ ಕಂಬಕ್ಕೂ ಕಿಟಕಿಗೂ ಕಟ್ಟಿದಳು.

ಬಾಲಪ್ಪ ಎದ್ದು ನಿಂತ. "ಏಯ್! ದೇವರ ಗದ್ದಿಗಿಗೆ ಹಾಸೋ ಕಂಬಳಿ ಅದು. ಹೇಲಿಗೆ ಮರೆ ಕಟ್ಟತೀ ಏನಬೇ?"

"ದೇವರಿಗೆ ನಾ ಹೇಳ್ಕೋತೀನಿ. ನೀವು ಮೊದಲ ಹೊರಗ ನಡೀರಿ, ಭಾವಾ. ನಿಮ್ಮ ಹಣ್ಣೂ ಒಯ್ರಿ."

ಗೌಸಿಯಾ ಎನಿಮಾ ಕೊಟ್ಟಳು. ಮೊದಲು ಕರಿ ಉಂಡೆಗಳು ಬಿದ್ದವು, ಆಮೇಲೆ ರಾಡಿ. ಕಂಬಳಿಯ ಅಂಚಿಗೂ ಸಿಡಿಯಿತು. ಗ್ಯಾನಮ್ಮನಿಗೆ ಓಕರಿಕೆ ಬಂತು. ಸೆರಗು ಕಚ್ಚಿಕೊಂಡು ತೊಳೆದಳು. ಹೊರಗೆ ಮಂದಿ ಥೂ ಥೂ ಎಂದರು.

ಮಾಳಿಂಗರಾಯ ಕಣ್ಣು ಬಿಟ್ಟ. "ಹೋಗ್ಯಾರೇನು?"

"ಹೋಗ್ಯಾರ."

"ನಾತಕ್ಕ ಓಡ್ಯಾರ ಮಂಗ್ಯಾನ ಮಕ್ಕಳು," ಎಂದು ನಕ್ಕ. "ಕುರಿಗೆ ನೀರು ಯಾರು ಕುಡಸಾಕತ್ತಾರ? ರೊಟ್ಟಿ ಐತೇನು?"

ಮಂಚದಿಂದ ಅವನು ಏಳಲಿಲ್ಲ. ಆ ಮಳೆಗಾಲದಲ್ಲೇ ಎದೆಗೆ ಕಫ ಕಟ್ಟಿ ಸತ್ತ. ಆದರೆ ಅಲ್ಲಿತನಕ ಉಂಡ, ಬೈದ, ನಗಿಸಿದ.

ಗ್ಯಾನಮ್ಮ ಕಂಬಳಿ ಒಗೆದು ಬಿಸಿಲಿಗೆ ಹಾಕಿ ಇಟ್ಟಿದ್ದಳು. ಹೆಣಕ್ಕೆ ಹೊದಿಸಲು ತಂದರೆ ಬಾಲಪ್ಪ ಮೂಗು ಮುಚ್ಚಿಕೊಂಡ. "ಮೈಲಿಗಿ ಆಗೈತಿ. ಹೊಸಾದು ತರ್ರಿ."

ಹೊಸದು ತಂದರು. ಅದು ಮಾಳಿಂಗರಾಯನ ಸಂಗಡ ಮಣ್ಣಿಗೆ ಹೋಯಿತು. ಹಳೆಯದನ್ನು ಗ್ಯಾನಮ್ಮ ಹೊದ್ದುಕೊಂಡು ಮೂಲೆಯಲ್ಲಿ ಕೂತಳು. ಅದು ಅವಳಿಗೆ ನಾರಲಿಲ್ಲ.

ತಿಥಿಯ ದಿನ ಬಾಲಪ್ಪ ಮತ್ತೆ ಬಾಳೆಹಣ್ಣು ತಂದು ಮುಂದಿಟ್ಟ. "ತಿನ್ನವಾ, ಉಪವಾಸ ಕುಂದರಬ್ಯಾಡ."

ಗ್ಯಾನಮ್ಮನಿಗೆ ಓಕರಿಕೆ ಬಂತು.