ಬಳ್ಳಾರಿಯವರು ಹೇಳದ ಬೆಲೆ

ಬಳ್ಳಾರಿಯ ಶೋರೂಮಿನ ಮೆಟ್ಟಿಲನ್ನು ನಾನು ಹತ್ತಿಯೇ ಇರಲಿಲ್ಲ. ಸೀರೆ ಕೊಡಲು ಆ ಊರಿಗೆ ಹೋಗಿದ್ದೆ, ಅದು ನಿಜ. ಆದರೆ ಅಲ್ಲಿಯವರು ಅದೇ ಕಾರನ್ನು ಇಪ್ಪತ್ತು ಸಾವಿರ ಕಡಿಮೆಗೆ ಕೊಡುತ್ತೇವೆ ಅಂದರು ಎಂದೆನಲ್ಲ — ಅದು ಹಸಿ ಸುಳ್ಳು. ಆ ಸುಳ್ಳಿನ ಮೇಲೆ ಗೌರಸಮುದ್ರದ ಮಾರಮ್ಮನ ಆಣೆ ಇಟ್ಟೆ. ಚಳ್ಳಕೆರೆಯ ಶೋರೂಮಿನಲ್ಲಿ, ಎಸಿ ಗಾಳಿಯಲ್ಲಿ, ಅವರೇ ಕೊಟ್ಟ ಬಾದಾಮಿ ಹಾಲು ಕುಡಿಯುತ್ತ ಆಣೆ ಇಟ್ಟೆ. ನಂಬಿದವನು ಅಲ್ಲಿಯ ಸೇಲ್ಸಿನ ಪಾಲಯ್ಯ. ಈ ಮಾತನ್ನು ಪಕ್ಕದಲ್ಲೇ ಕೂತಿದ್ದ ನನ್ನ ಗಂಡನಿಗೂ ಇಷ್ಟು ವರ್ಷ ಹೇಳಿರಲಿಲ್ಲ.

ನಾನು ಮೊಳಕಾಲ್ಮುರಿನವಳು, ಸೀರೆ ವ್ಯಾಪಾರದವಳು. ನನ್ನ ಗಂಡ ಮಗ್ಗಕ್ಕೆ ಕೂತರೆ ಪ್ರಪಂಚ ಮುಳುಗಿದರೂ ಏಳುವವರಲ್ಲ. ಮಾರುವುದು, ಮಾತಾಡುವುದು, ಜಗಳ ಕಾಯುವುದು ಎಲ್ಲ ನನ್ನ ಪಾಲು. ರೇಷ್ಮೆ ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿ ಸಾಕಾಗಿತ್ತು. ಒಂದು ಕಾರು ತೆಗೆದುಕೊಳ್ಳಲೇಬೇಕು ಎಂದು ಹಟ ಹಿಡಿದೆ. ಕೊಟ್ಟರೆ ನ್ಯಾಯವಾದ ಬೆಲೆ ಕೊಡಬೇಕು, ಮೇಲೆ ಒಂದು ರೂಪಾಯಿ ಕೊಡಬಾರದು — ಇದು ಎರಡನೆಯ ಹಟ.

ತಿಂಗಳ ಕೊನೆಯ ದಿನವೇ ಹೋದೆ. ಆ ಹೊತ್ತಿಗೆ ಅವರಿಗೆ ತಿಂಗಳ ಲೆಕ್ಕ ತುಂಬಿಸಲು ಹೇಗಾದರೂ ಇನ್ನೊಂದು ಗಾಡಿ ಮಾರಿದರೆ ಸಾಕಾಗಿರುತ್ತದೆ ಎಂದು ಕೇಳಿ ತಿಳಿದುಕೊಂಡಿದ್ದೆ. ಸೇಲ್ಸಿನ ಪಾಲಯ್ಯ ಬಂದು ಕೂತ. ನಮ್ಮದು ಗೌರಸಮುದ್ರದ ಕಡೆ ಅಕ್ಕ, ಮನೇಲಿ ಇನ್ನೂ ಕುರಿ ಅವೆ ಎಂದು ತಾನಾಗಿಯೇ ಹೇಳಿಕೊಂಡ. ಮುಖದಲ್ಲಿ ಕಪಟವಿರಲಿಲ್ಲ. ವ್ಯಾಪಾರಕ್ಕೆ ಕೂತವಳು ಮುಖ ನೋಡಿ ಕರಗಿದರೆ ಹೊಟ್ಟೆಗೇನು ತಿನ್ನುವುದು?

ಅವನು ಕೊಟ್ಟ ಕೊಟೇಶನ್ನನ್ನು ಸೀರೆಯ ಸೆರಗು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದೆ.

“ಏನಪ್ಪಾ ಇದು, ಹ್ಯಾಂಡ್ಲಿಂಗ್ ಚಾರ್ಜು? ಸೀರೆ ಮಡಿಸಿ ಕೊಟ್ಟಿದ್ದಕ್ಕೆ ನಾನೂ ಬ್ಯಾರೆ ದುಡ್ಡು ಕೇಳಿದ್ರೆ ಗಿರಾಕಿ ಸುಮ್ನಿರ್ತಾರಾ?”

ಅದು ಹೋಯಿತು. ಇನ್ಶೂರೆನ್ಸನ್ನು ನಮ್ಮಲ್ಲೇ ಮಾಡಿಸಬೇಕು ಅಂದ. ಹೊರಗೆ ವಿಚಾರಿಸಿಕೊಂಡು ಬಂದಿದ್ದೇನೆ, ಅದೇ ಇನ್ಶೂರೆನ್ಸು ಅಲ್ಲಿ ಎಷ್ಟು ಅಗ್ಗ ಗೊತ್ತಾ ಎಂದೆ. ಅದೂ ಇಳಿಯಿತು. ಸೀಟಿನ ಕವರು, ಕಾಲ ಕೆಳಗಿನ ಮ್ಯಾಟು, ಬಾಗಿಲಿಗೆ ಅಂಟಿಸುವ ಹೊಳೆಯುವ ಪಟ್ಟಿ ಎಲ್ಲ ಸೇರಿಸಿ ಒಂದು ದೊಡ್ಡ ಮೊತ್ತ ಬರೆದಿದ್ದ. ಮ್ಯಾಟು ಬಿಟ್ಟು ಉಳಿದದ್ದಕ್ಕೆಲ್ಲ ಗೀಟು ಎಳೆಸಿದೆ. ಅಬ್ಬಾ, ಏನು ಖುಷಿ ಅಂತೀರಿ! ಒಂದೊಂದು ಸಾಲು ಬಿದ್ದಾಗಲೂ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ಇದೆಲ್ಲ ನ್ಯಾಯವಾಗಿ ಗೆದ್ದದ್ದು. ಇದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ, ಯಾರಾದರೂ ಕೇಳಿದರೆ ಹೇಳಿಕೊಟ್ಟು ಕಳಿಸುತ್ತೇನೆ.

ಅಲ್ಲಿಗೇ ಏಳಬೇಕಿತ್ತು. ನನ್ನ ಗಂಡ ಮನೆಯ ತೆಲುಗಿನಲ್ಲಿ “ಇಂಕ ಚಾಲ್ಲೇ, ಪೋದಾಂ” ಎಂದು ಗೊಣಗಿದರು — ಇನ್ನು ಸಾಕು, ಹೋಗೋಣ ಎಂದು. ನಾನು ಏಳಲಿಲ್ಲ. ಗೆಲ್ಲುತ್ತಿರುವವಳಿಗೆ ಸಾಕು ಎನ್ನುವುದು ಕೇಳಿಸುವುದಿಲ್ಲ. ಬಳ್ಳಾರಿಯವರ ಬೆಲೆಯನ್ನು ಹುಟ್ಟಿಸಿದ್ದು ಆಗ.

“ಹೌದೇನಕ್ಕ? ನಿಜವಾಗ್ಲೂ ಅಷ್ಟಕ್ಕೆ ಕೊಡ್ತೀನಂದ್ರಾ?”

“ನಿಮ್ ಮಾರಮ್ಮನಾಣೆ ಕಣಪ್ಪ.”

ಒಂದು ಮಾತು ಹೇಳಬೇಕು — ನೆಪಕ್ಕಲ್ಲ, ತಿಳಿಯಲಿ ಎಂದು. ನಮ್ಮ ಬೀದಿಯ ವ್ಯಾಪಾರದಲ್ಲಿ ಆಣೆ ಎನ್ನುವುದು ಊಟದ ಎಲೆಯ ಮೇಲಿನ ಉಪ್ಪಿನಕಾಯಿ. ಅಸಲೂ ಹುಟ್ಟಿಲ್ಲ ತಾಯಾಣೆ ಎಂದು ನಾನು ಹೇಳುತ್ತೇನೆ, ಪಕ್ಕದಂಗಡಿಯಲ್ಲಿ ಇದಕ್ಕಿಂತ ಕಮ್ಮಿ ದೇವರಾಣೆ ಎಂದು ಗಿರಾಕಿ ಹೇಳುತ್ತಾಳೆ. ಇಬ್ಬರೂ ನಂಬುವುದಿಲ್ಲ, ಇಬ್ಬರಿಗೂ ಬೇಜಾರಿಲ್ಲ. ಪಾಲಯ್ಯನೂ ನಕ್ಕು, ಅಯ್ಯೋ ಬಿಡಕ್ಕ ಅನ್ನುತ್ತಾನೆ ಎಂದುಕೊಂಡಿದ್ದೆ.

ಅವನು ನಗಲಿಲ್ಲ. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

“ಅಮ್ಮನ ಹೆಸ್ರು ಬಂದ್ಮೇಲೆ ನಾವು ಮಾತಾಡಂಗಿಲ್ಲಕ್ಕ,” ಅಂದ. ಅವರ ಕಡೆ ಕಳೆದ ಕುರಿಯ ನ್ಯಾಯವಾದರೂ ಅಷ್ಟೇ ಅಂತೆ. ಎದುರಿನವನು ಅಮ್ಮನ ಮೇಲೆ ಆಣೆ ಇಟ್ಟನೋ, ಕುರಿ ಹೋದರೆ ಹೋಯಿತು ಎಂದು ಎದ್ದು ಬರುತ್ತಾರಂತೆ. ಹಾಗೆ ಹೇಳಿ ಅವನು ಮ್ಯಾನೇಜರರ ಕ್ಯಾಬಿನ್ನಿಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಹೆಂಗಸರ ಆಣೆ ನಂಬ್ಕಂಡು ಬಂದ್ಯಾ? ಅಷ್ಟು ಬಿಟ್ರೆ ಈ ಗಾಡಿ ಮ್ಯಾಲೆ ನಿಂಗೆ ಇನ್ಸೆಂಟಿವ್ ಒಂದ್ ರೂಪಾಯಿ ಬರಲ್ಲ, ಗೊತ್ತೈತಾ?”

“ಬ್ಯಾಡ ಬಿಡ್ರಿ ಸಾರ್. ಅಕ್ಕ ಆಣೆ ಮಾಡ್ಯಾರೆ.”

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಎದ್ದು ಹೋಗಿ, ತಮಾಷೆಗೆ ಅಂದೆ ಕಣಪ್ಪ ಎನ್ನಲು ನಾಲ್ಕು ಹೆಜ್ಜೆ ಸಾಕಿತ್ತು — ನಾನು ಬಾದಾಮಿ ಹಾಲಿನ ಲೋಟ ತಳ ಕಾಣುವವರೆಗೆ ಕುಡಿದೆ.

ಕಾರು ಬಂತು. ಬಿ.ಜಿ. ಕೆರೆ ದಾಟಿ ಊರ ಕಡೆ ತಿರುಗುವಾಗ ಕಿಟಕಿ ಇಳಿಸಿ ಕೂತಿದ್ದೆ, ರಾಣಿಯ ಗತ್ತು. ನೇಕಾರರ ಬೀದಿಗೆ ಬೀದಿಯೇ ಬಂದು ಬೆಲೆ ಕೇಳಿ ಬಾಯಿ ಬಿಟ್ಟಿತು. ಅಂದಿನಿಂದ ನನಗೆ ಹೊಸ ಕೆಲಸ. ಯಾರು ಕಾರು ತೆಗೆದುಕೊಳ್ಳಲಿ, ಸುಶೀಲಕ್ಕ ಬರಬೇಕು. ಬಳ್ಳಾರಿ, ಚಿತ್ರದುರ್ಗ, ಎಲ್ಲೆಂದರಲ್ಲಿ ಹೋಗಿ ಕೂತು ಇಳಿಸಿ ಬಂದೆ. ಚಳ್ಳಕೆರೆಯ ಆ ಶೋರೂಮಿಗೆ ಮಾತ್ರ ಏನಾದರೂ ಸಬೂಬು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ — ಕೇಳಿದ್ದರೆ ಇನ್ನೊಂದು ಸುಳ್ಳು ಸಿದ್ಧವಿತ್ತು.

ಹೋದ ತಿಂಗಳು ತಪ್ಪಿಸಿಕೊಳ್ಳಲು ಆಗಲಿಲ್ಲ. ನನ್ನ ತಮ್ಮ ಶ್ರೀನಿವಾಸ ಅಲ್ಲೇ ಗಾಡಿ ನೋಡಿಟ್ಟು, ಕೈ ಹಿಡಿದು ಎಳೆದುಕೊಂಡು ಹೋದ. ಪಾಲಯ್ಯ ಈಗ ಅದೇ ಕ್ಯಾಬಿನ್ನಿನ ಒಳಗೆ ಮ್ಯಾನೇಜರ್ ಆಗಿದ್ದಾನೆ. ನನ್ನನ್ನು ನೋಡಿದ್ದೇ ಎದ್ದು ಬಂದ, ಸೇಲ್ಸಿನವರನ್ನೆಲ್ಲ ಕರೆದ.

“ನೋಡ್ರಪ್ಪ, ಈ ಅಕ್ಕ ಆವತ್ತು ಅಮ್ಮನ ಮ್ಯಾಲೆ ಆಣೆ ಮಾಡಿ ರೇಟು ಹೇಳಿದ್ರು. ಗಿರಾಕಿ ಅಂದ್ರೆ ಹಿಂಗಿರಬೇಕು, ಬಾಯಿ ಒಂದೇ. ಇವ್ರ ಹತ್ರ ಎಳದಾಡಬ್ಯಾಡ್ರಿ. ಕೊನೇ ರೇಟು ಏನೈತೋ ಅದನ್ನೇ ಬರದು ಕೊಡ್ರಿ.”

ಬರೆದು ಕೊಟ್ಟರು. ಶ್ರೀನಿವಾಸ ಅದನ್ನು ನೋಡಿ ನನ್ನ ಭುಜ ಹಿಡಿದು ಕುಲುಕಿದ. ಅಕ್ಕ, ನೀನು ಬಾಯಿ ಬಿಡದೇನೇ ಇಳೀತಲ್ಲೇ ಅಂದ. ನನ್ನ ಜನ್ಮದಲ್ಲೇ ಅಂಥ ಬೆಲೆ ಸಿಕ್ಕಿರಲಿಲ್ಲ. ಆದರೆ ಅವನು ತನ್ನ ಜನರಿಗೆ ಸತ್ಯವಂತೆ ಎಂದು ತೋರಿಸುತ್ತಿರುವುದು ನನ್ನನ್ನು — ಅವನ ಕೂಲಿ ತಿಂದವಳನ್ನು. ಇದನ್ನೂ ನುಂಗಿ ಎದ್ದುಬಂದರೆ ನಾನು ಇನ್ನು ಕನ್ನಡಿ ನೋಡುವುದು ಹೇಗೆ?

“ಪಾಲಯ್ಯ, ಆ ಆಣೆ ಸುಳ್ಳು,” ಎಂದೆ. “ನಾನು ಬಳ್ಳಾರೀಲಿ ಕೇಳೇ ಇರ್ಲಿಲ್ಲ. ಒಳಗೆ ಆ ಮ್ಯಾನೇಜರು ನಿಂಗೆ ಅಂದಿದ್ದೂ ಕೇಳಿಸ್ತು. ಕೇಳಿಸ್ಕೊಂಡೂ ಸುಮ್ನಿದ್ದೆ.”

ಸೇಲ್ಸಿನವರು ಕಾಲು ನೋಡಿಕೊಂಡರು. ಶ್ರೀನಿವಾಸನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಪಾಲಯ್ಯನ ಮುಖ ಕೆಂಪಾಯಿತು, ಆಮೇಲೆ ಬಣ್ಣವೇ ಇಲ್ಲದಂತಾಯಿತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ನನ್ನ ತಮ್ಮನ ಕೈಯಿಂದ ಆ ಕಾಗದ ತೆಗೆದುಕೊಂಡು ಎರಡು ತುಂಡು ಮಾಡಿದ.

“ಹಂಗಾದ್ರೆ ಈ ಗಾಡಿ ರೇಟು ಮೊದಲಿಂದ ಮಾತಾಡಾನ. ಕೂತ್ಕಳ್ರಿ.”

ಕೂತೆ. ಅವನೂ ಎದುರಿಗೆ ಕೂತ. ಹ್ಯಾಂಡ್ಲಿಂಗ್ ಚಾರ್ಜಿನಿಂದ ಶುರುಮಾಡಿದ, ಬೇಕಂತಲೇ! ನಾನು ತೆಗೆಸಿದೆ. ಇನ್ಶೂರೆನ್ಸು ತಂದ, ತೆಗೆಸಿದೆ. ಅವನು ಒಂದು ಸಾವಿರ ಬಿಡುವುದಕ್ಕೂ ನನ್ನ ಬೆವರು ಇಳಿಸಿದ. ಶೋರೂಮಿನವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ನನ್ನ ಬಾಯಲ್ಲಿ ಒಂದು ಆಣೆಯಿಲ್ಲ, ಇಲ್ಲದ ಬಳ್ಳಾರಿಯಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾಡಿದ ವ್ಯಾಪಾರ. ಕೊನೆಗೆ ಅವನೇ “ಆಯ್ತು ತಗಳ್ರಿ” ಎಂದು ಮೇಜು ಕುಟ್ಟಿದ. ಹರಿದು ಹಾಕಿದ ಬೆಲೆಗಿಂತ ಇದು ಮೂರು ಸಾವಿರ ಹೆಚ್ಚೇ. ಶ್ರೀನಿವಾಸ ಇವತ್ತಿಗೂ ನನ್ನ ಹತ್ತಿರ ಮುಖ ಊದಿಸಿಕೊಂಡಿದ್ದಾನೆ. ಊದಿಸಿಕೊಳ್ಳಲಿ. ನಾನು ಮಾಡಿದ ಚೌಕಾಸಿಗಳಲ್ಲೆಲ್ಲ ತಲೆ ಎತ್ತಿ ಹೇಳಿಕೊಳ್ಳುವಂಥದ್ದು ಅದೊಂದೇ.

ಅವನಿಗೆ ಆವತ್ತು ತಪ್ಪಿದ ಇನ್ಸೆಂಟಿವ್ ದುಡ್ಡು ಕೊಡಲು ಹೋದೆ. ಪಾಲಯ್ಯ ಕೈ ಹಿಂದಕ್ಕೆ ಕಟ್ಟಿಕೊಂಡ.

“ನನ್ ದುಡ್ಡು ನಾನೇ ಬಿಟ್ಟಿದ್ದು, ಅದು ಬ್ಯಾಡಕ್ಕ. ನೀವು ಆಣೆ ಇಟ್ಟಿದ್ದು ನನ್ ಮ್ಯಾಲಲ್ಲ. ಅಲ್ಲಿಗೆ ಹೋಗಿ ಹೇಳ್ಕಳ್ರಿ.”

ಕ್ಷಮಿಸಿದೆ ಎಂದು ಅವನು ಅನ್ನಲಿಲ್ಲ. ಅನ್ನಬೇಕು ಎಂದು ನಾನೂ ಕೇಳಲಿಲ್ಲ.

ಮರುದಿನವೇ ಗೌರಸಮುದ್ರಕ್ಕೆ ಹೋದೆ, ಗಂಡನನ್ನೂ ಕರೆದುಕೊಂಡು. ದಾರಿಯಲ್ಲಿ ಅವರಿಗೆ ಎಲ್ಲವನ್ನೂ ಹೇಳಿದೆ. ಗುಡಿಯಲ್ಲಿ ಜನವಿರಲಿಲ್ಲ. ಅಮ್ಮನ ಎದುರು ನಿಂತು ಬಾಯಿ ತೆರೆದೆ ನೋಡಿ — ತಾಯೀ, ಇದೊಂದು ಬಿಟ್ಟುಬಿಡು, ನಮ್ಮ ಮಗ್ಗದ ರೇಷ್ಮೆ ಸೀರೆ ಉಡಿಸ್ತೀನಿ ಎಂಬ ಮಾತು ತನ್ನಷ್ಟಕ್ಕೆ ತಾನೇ ನಾಲಿಗೆಯ ತುದಿಗೆ ಬಂತು. ಅಲ್ಲೂ ಬೆಲೆ ಕಟ್ಟಲು ಹೊರಟಿದ್ದೆ! ಅದನ್ನು ಹಲ್ಲು ಕಚ್ಚಿ ತಡೆದೆ. ಸುಳ್ಳು ಹೇಳಿದೆ ತಾಯೀ ಎಂದಷ್ಟೇ ಅಂದೆ, ಪೂಜಾರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಮೇಲೆ ಒಂದು ಮಾತನ್ನೂ ಸೇರಿಸದೆ ನಿಂತೆ.