ಒಂದೇ ಪದದ ಪುಸ್ತಕಗಳು

ಹಾಸನದಲ್ಲಿ ನಾನಿರುವ ಬೀದಿಯ ಮೂಲೆಯಲ್ಲಿ ಹೊಸದಾಗಿ ಒಂದು ಹಿಟ್ಟಿನ ಮಿಲ್ಲು ಶುರುವಾಗಿದೆ. ಕಳೆದ ಬುಧವಾರ ಆಫೀಸಿಗೆ ಹೊರಟಾಗ ಅದರ ಮುಂದೆ ಬಿಸಿ ರಾಗಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಮುದ್ದೆ ನೆನಪಾದರೆ ನೀವು ಸರಿಯಾದ ಮನುಷ್ಯರು. ನನಗೆ ಸಾಮಾಜಿಕ ನೀತಿ, ಜನಾಂಗ ವಿಚಾರ, ಮಾಧ್ಯಮ ವಿಮರ್ಶೆ, ತರ್ಕಶಾಸ್ತ್ರ ಮತ್ತು ಕಂಪ್ಯೂಟರು ನೆನಪಾದವು. ಐದೂ ಇದೇ ಅನುಕ್ರಮದಲ್ಲಿ. ನಿಂತಲ್ಲೇ ನಗುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ. ರಾತ್ರಿ ಡೈರಿಯಲ್ಲಿ ‘ತಡ: ಕಾರಣ, ಮಾವ’ ಎಂದು ಬರೆದುಕೊಂಡೆ. ಎಲ್ಲಕ್ಕೂ ವಾರ, ಹೊತ್ತು, ಕಾರಣ ಬರೆದಿಡುವ ಈ ಚಾಳಿ ನನಗೆ ಹೈಸ್ಕೂಲಿನಿಂದಲೂ ಇದೆ. ಇದರಿಂದ ಯಾರಿಗೂ ಉಪಯೋಗವಾಗಿಲ್ಲ. ಆದರೆ ಒಂದು ಸಲ, ಒಂದೇ ಒಂದು ಸಲ, ಇದರ ದೆಸೆಯಿಂದ ನನ್ನನ್ನು ನ್ಯಾಯಾಧೀಶೆಯನ್ನಾಗಿ ಮಾಡಿದ್ದರು. ಅದನ್ನೇ ಹೇಳಲು ಹೊರಟಿದ್ದೇನೆ.

ಮಾವ ಎಂದರೆ ಅಮ್ಮನ ತಮ್ಮ, ಶಿವಣ್ಣ ಮಾವ. ಮನೆ ಹೊಳೆನರಸೀಪುರದಲ್ಲಿ. ಕೆಲಸ ಅರಕಲಗೂಡಿನ ಒಂದು ಪಿಯು ಕಾಲೇಜಿನಲ್ಲಿ, ತರ್ಕಶಾಸ್ತ್ರದ ಪಾಠ ಹೇಳುವುದು. ಆ ವಿಷಯ ತೆಗೆದುಕೊಳ್ಳುವ ಹುಡುಗರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು, ಮಾವನಿಗೆ ಬಿಡುವು ಹೆಚ್ಚಾಯಿತು. ಬಿಡುವು ಹೆಚ್ಚಾದಂತೆ ಅವರು ಪುಸ್ತಕ ಬರೆಯತೊಡಗಿದರು. ಕತೆ, ಕವಿತೆ ಅಲ್ಲ. ‘ಕನ್ನಡದಲ್ಲಿ ಅತ್ತು ಕರೆಯೋ ಪುಸ್ತಕ ಸಾಕಷ್ಟಿವೆ ಕಣಮ್ಮ, ಯೋಚನೆ ಮಾಡೋ ಪುಸ್ತಕ ಬೇಕು’ ಎನ್ನುತ್ತಿದ್ದರು. ಸರ್ಕಾರದ ಯೋಜನೆಗಳು ಯಾರನ್ನು ತಲುಪುತ್ತವೆ ಎಂಬುದಕ್ಕೊಂದು, ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸಿದ್ದು ಹೇಗೆ ಎಂಬುದಕ್ಕೊಂದು, ಪತ್ರಿಕೆ ಟೀವಿಗಳ ಬಗ್ಗೆ ಒಂದು, ಸರಿಯಾಗಿ ವಾದ ಮಾಡುವುದರ ಬಗ್ಗೆ ಒಂದು, ಕಂಪ್ಯೂಟರು ಒಳಗೊಳಗೆ ಏನು ಮಾಡುತ್ತದೆ ಎಂಬುದಕ್ಕೊಂದು. ಶೀರ್ಷಿಕೆ ಒಂದೇ ಪದ ಇರಬೇಕೆಂಬುದು ಅವರ ಹಟ. ಹಾಗಾಗಿ ಅವು ನೀತಿ, ಜನಾಂಗ, ಮಾಧ್ಯಮ, ತರ್ಕ, ಯಂತ್ರ ಎಂದಾದವು. ಎಲ್ಲ ಅನಾಹುತಕ್ಕೂ ಈ ಒಂದೇ ಪದವೇ ಮೂಲ.

ಡಿಗ್ರಿ ಓದುವಾಗ ನಾನು ಅವರ ಮನೆಯಲ್ಲಿದ್ದುಕೊಂಡು ರೈಲಿನಲ್ಲಿ ಹಾಸನಕ್ಕೆ ಓಡಾಡುತ್ತಿದ್ದೆ. ಐದೂ ಪುಸ್ತಕ ಟೈಪು ಮಾಡಿದವಳು ನಾನೇ. ಮಾವ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಬಂಡಲ್ಲುಗಳು ಬಂದು ಹಿಂದಿನ ಕೋಣೆಯಲ್ಲಿ ಸೂರಿನ ತನಕ ಕೂತವು.

ಮಾವನ ಹೆಂಡತಿ ಗಿರಿಜತ್ತೆ ಮನೆಯ ಮುಂಭಾಗದಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಮಾವನ ಸಂಬಳದಿಂದ ಎಂದು ಮಾವ ತಿಳಿದಿದ್ದರು, ಮಿಲ್ಲಿನಿಂದ ಎಂದು ಅತ್ತೆಗೆ ಗೊತ್ತಿತ್ತು. ಅತ್ತೆಗೆ ಖಾರದಪುಡಿ ಮಾಡುವ ಮಿಷನ್ನು ತರಿಸಬೇಕು. ರಾಗಿಗೂ ಮೆಣಸಿನಕಾಯಿಗೂ ಒಂದೇ ಕೋಣೆ ಆಗದು. ಖಾಲಿ ಮಾಡಬಹುದಾದ ಕೋಣೆ ಒಂದೇ.

‘ಅಲ್ಲಾ ಕಣ್ರೀ, ಈ ರೂಮಲ್ಲಿ ಮಲಗವೆಯಲ್ಲ ಬಂಡಲ್ಲು, ಯಾವತ್ತು ಏಳ್ತವೆ?’

‘ಪುಸ್ತಕ ನಿಧಾನವಾಗಿ ಓಡೋ ವಸ್ತು ಗಿರಿಜಾ.’

‘ಓಡದು ಬ್ಯಾಡ. ಎದ್ದು ಕೂತ್ಕಂಡ್ರೆ ಸಾಕು.’

ಮಾತಿಗೆ ಮಾತು ಬೆಳೆದು ಕೊನೆಗೆ ಒಪ್ಪಂದವಾಯಿತು. ಮಿಷನ್ನು ಬಂದು ಬಾಗಿಲಲ್ಲಿ ನಿಲ್ಲುವುದರೊಳಗೆ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಮಾವನ ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ನೆಂಟರಾಗಿರಬಾರದು. ಪರೀಕ್ಷೆಯ ಮಾರ್ಕ್ಸಿಗಾಗಿ ಹೊಗಳುವ ಶಿಷ್ಯರಾಗಿರಬಾರದು. ಕೊನೆಯಲ್ಲಿ ಏನಿದೆ ಎಂದು ಅತ್ತೆ ಕೇಳಿದರೆ ಹೇಳಬೇಕು. ಅಂಥವರು ಸಿಕ್ಕಿದರೆ ಕೋಣೆ ಪುಸ್ತಕಗಳದ್ದು. ಸಿಗದಿದ್ದರೆ ಬಂಡಲ್ಲು ರದ್ದಿಗೆ, ಮಾವ ಆರನೆಯ ಪುಸ್ತಕದ ಯೋಚನೆ ಬಿಟ್ಟು ಸಂಜೆ ಹೊತ್ತು ಮಿಲ್ಲಿನಲ್ಲಿ ಕೂರುವುದು. ಯಾರು ಯಾವ ಪುಸ್ತಕ ಒಯ್ದರು, ಯಾವಾಗ ತಂದರು ಎಂದು ಬರೆದಿಟ್ಟು ತೀರ್ಪು ಹೇಳುವುದು ನಾನು.

ಮಾವ ತಕ್ಷಣ ಒಪ್ಪಿದರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ, ‘ಒಬ್ಬರಾದ್ರೂ ಸಿಕ್ತಾರೆ ಅಲ್ವಾಮ್ಮ?’ ಎಂದರು. ಆ ದನಿ ಕೇಳಿದ ಮೇಲೆ ನ್ಯಾಯಾಧೀಶೆಯ ಕುರ್ಚಿ ಸ್ವಲ್ಪ ಮಾವನ ಕಡೆಗೆ ವಾಲಿತು. ಇದನ್ನು ಡೈರಿಯಲ್ಲಿ ಬರೆದಿಲ್ಲ.

ಮಿಲ್ಲಿನಲ್ಲಿ ಸರದಿಗೆ ಕಾಯುವವರ ಬೆಂಚಿನ ಮೇಲ್ಗಡೆ ಒಂದು ಹಲಗೆ ಹೊಡೆದು ಐದು ಪುಸ್ತಕ ಜೋಡಿಸಿದೆವು. ಮೊದಲ ದಿನವೇ ಒಬ್ಬ ಅಜ್ಜಿ ‘ನೀತಿ’ಯನ್ನು ಎತ್ತಿಕೊಂಡರು. ಮಾವನ ಮುಖ ಅರಳಿತು. ಮೊಮ್ಮಗನಿಗೆ ಓದಿ ಹೇಳುತ್ತಾರಂತೆ. ವಾರ ಕಳೆದು ಡಬ್ಬದೊಂದಿಗೆ ವಾಪಸು ಬಂದವರೇ, ‘ಒಂದು ನರಿನಾರೂ ಬ್ಯಾಡ್ವಾ ಸಾ? ನೀತಿ ಕತೆ ಅಂತ ತಕಂಡೋದ್ರೆ ಬರೀ ಸರ್ಕಾರ ಐತೆ ಇದ್ರಲ್ಲಿ!’ ಎಂದರು.

‘ನರಿ ಇದಾವೆ ಅಜ್ಜಿ, ಹೆಸರು ಹಾಕಿಲ್ಲ ಅಷ್ಟೆ’ ಎಂದರು ಮಾವ.

‘ಅದೇನಾರ ಇರ‍್ಲಿ, ಮಗ ಎರಡನೇ ಸಾಲಿಗೇ ನಿದ್ದೆ ಮಾಡ್ಬುಡ್ತದೆ. ಇನ್ನೊಂದು ವಾರ ಇಟ್ಕಳ್ಲಾ?’

‘ಮಾಧ್ಯಮ’ವನ್ನು ಒಯ್ದದ್ದು ಎಳೆಯ ದಂಪತಿ. ಮಗಳನ್ನು ಸ್ಕೂಲಿಗೆ ಹಾಕುವ ವರ್ಷ. ಮರುದಿನವೇ ಗಂಡ ಬಂದ. ‘ಸಾ, ಪೂರ್ತಿ ಓದಕ್ಕೆ ಟೈಮಿಲ್ಲ. ಇಂಗ್ಲಿಷ್ ಮೀಡಿಯಮ್ಮಾ, ಕನ್ನಡ ಮೀಡಿಯಮ್ಮಾ, ಕೊನೇಲಿ ಏನು ಅಂತ ಬರ‍್ದಿದೀರಾ, ಅದೊಂದು ಹೇಳ್ಬುಡಿ.’ ಇದು ಪೇಪರು ಟೀವಿಗಳ ವಿಚಾರ, ಯಾವ ಮಾಧ್ಯಮವನ್ನೂ ಪೂರ್ತಿ ನಂಬಬಾರದು ಎಂಬುದೇ ಇದರ ಸಾರ ಎಂದು ಮಾವ ವಿವರಿಸಿದರು. ಅವನು ದಿಗಿಲಾಗಿ, ‘ಅಂಗಾದ್ರೆ ಸ್ಕೂಲಿಗೇ ಕಳಿಸ್ಬಾರ್ದಾ ಸಾ?’ ಎಂದ.

‘ತರ್ಕ’ವನ್ನು ಒಬ್ಬ ಸೊಸೆ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದಳು. ಮೂರನೆಯ ದಿನ ಅದನ್ನು ತಂದು ಬೆಂಚಿನ ಮೇಲೆ ಕುಕ್ಕಿದ್ದು ಅವಳ ಅತ್ತೆ. ‘ಏನ್ ಗಿರಿಜಮ್ಮ, ಇಂಥ ಪುಸ್ತಕನ ಸೊಸೆದೀರ ಕೈಗೆ ಕೊಡ್ತಾರಾ? ನೆನ್ನೆ ಸಾರಿಗೆ ಉಪ್ಪು ಜಾಸ್ತಿ ಅಂದ್ರೆ, ನೀವು ಅಂದ ಮಾತ್ರಕ್ಕೆ ಜಾಸ್ತಿ ಆಗಲ್ಲ, ಪುರಾವೆ ಕೊಡಿ ಅಂತಾಳೆ!’ ಸೊಸೆ ಒಂದನೆಯ ಅಧ್ಯಾಯ ದಾಟಿರಲಿಲ್ಲ. ಬೇಕಾದದ್ದು ಅಲ್ಲೇ ಸಿಕ್ಕಿಬಿಟ್ಟಿತ್ತು.

ಆದರೆ ಮಾವನಿಗೆ ನಿಜವಾದ ಸಂಕಟ ತಂದಿಟ್ಟದ್ದು ‘ಯಂತ್ರ’. ಶಾಂತಿಗ್ರಾಮದ ಕಡೆಯಿಂದ ತಂಗಿಯ ಮನೆಗೆ ಬಂದಿದ್ದ ಒಬ್ಬ ಹಾಲಿನವ ಅದನ್ನು ಒಯ್ದ. ಕಂಪ್ಯೂಟರಿನೊಳಗಿನ ತಂತಿಗಳ ಚಿತ್ರವೊಂದು ಅದರಲ್ಲಿತ್ತು. ಆತ ಆ ಪುಟವನ್ನು ಜೆರಾಕ್ಸ್ ಮಾಡಿಸಿ, ಮಡಚಿ, ತಾಯಿತಕ್ಕೆ ತುಂಬಿ, ಹಾಲು ಕಡಿಮೆ ಮಾಡಿದ್ದ ತನ್ನ ಹಸುವಿನ ಕುತ್ತಿಗೆಗೆ ಕಟ್ಟಿದ. ಸಾಲದ್ದಕ್ಕೆ ಕೃತಜ್ಞತೆ ಹೇಳಲು ಮತ್ತೆ ಬಸ್ಸು ಹತ್ತಿ ಬಂದ.

‘ಕಟ್ಟಿದ್ ಮಾರ‍್ನೆ ದಿಸಕ್ಕೇ ಹಾಲು ಜಾಸ್ತಿ ಆಯ್ತು ಸಾ! ಇನ್ನೊಂದು ಅಸ ಐತೆ, ಅದು ಒದೀತದೆ. ಅದುಕ್ಕೆ ಯಾವ ಪುಟ ಕಟ್ಟದು?’

ಮಾವ ತಲೆ ಹಿಡಿದುಕೊಂಡರು. ಒಂದಾದ ಮೇಲೆ ಇನ್ನೊಂದು ಆದರೆ ಮೊದಲನೆಯದೇ ಕಾರಣ ಎನ್ನಲಾಗದು, ಇದು ಬಹಳ ಹಳೆಯ ತಪ್ಪು ವಾದ ಎಂದು ಅರ್ಧ ಗಂಟೆ ಹೇಳಿದರು. ಸಾಲದೆಂದು ‘ತರ್ಕ’ವನ್ನು ತೆಗೆದು, ಮೂರನೆಯ ಅಧ್ಯಾಯ ನೋಡಿ ಎಂದು ಅವನ ಕೈಗಿತ್ತರು. ಆತ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ‘ಇದುನ್ನ ಕಾಲಿಗೆ ಕಟ್ಟದಾ ಸಾ, ಕೊಂಬಿಗಾ?’ ಎಂದು ಕೇಳಿದ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಆ ರಾತ್ರಿ ಊಟಕ್ಕೆ ಕೂತಾಗ ತುಂಬ ಚಿಕ್ಕವರಾಗಿ ಕಂಡರು. ‘ಜನ ಒಪ್ಪದೇ ಇದ್ರೆ ಪರವಾಗಿಲ್ಲಮ್ಮ. ಒಬ್ಬನಾದ್ರೂ ಓದಿ, ನೀನು ಬರೆದಿದ್ದು ತಪ್ಪು ಕಣಯ್ಯಾ ಅಂತ ಬೈದ್ರೆ ಸಾಕಿತ್ತು’ ಎಂದರು. ಅತ್ತೆ ಇನ್ನೊಂದು ಸೌಟು ಸಾರು ಬಡಿಸಿದರು. ಆದರೆ ಮಿಷನ್ನಿನ ಆರ್ಡರನ್ನೇನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಉಳಿದದ್ದು ‘ಜನಾಂಗ’. ಅದನ್ನು ಒಯ್ದದ್ದು ಚನ್ನರಾಯಪಟ್ಟಣದ ನಂಜಪ್ಪ. ಗಂಡು ಹೆಣ್ಣು ತೋರಿಸಿ ಮದುವೆ ಕುದುರಿಸುವುದು ಅವರ ಕಸುಬು. ಕಂಕುಳಲ್ಲಿ ಫೋಟೋ, ಜಾತಕ ತುಂಬಿದ ಕಪ್ಪು ಬ್ಯಾಗು. ಹೆಣ್ಣಿನ ತಾಯಿಯೊಬ್ಬರು ರಾಗಿ ಬೀಸಿಸಲು ಬಂದಿದ್ದರೆಂದು ಅವರನ್ನು ಹುಡುಕಿಕೊಂಡು ಮಿಲ್ಲಿಗೇ ಬಂದಿದ್ದರು. ನಮ್ಮ ಕಡೆ ಯಾರಾದರೂ ಹೊಸಬರು ಸಿಕ್ಕಿದರೆ ಕಾಫಿ ಕೊಡುವ ಮೊದಲು ‘ನಿಮ್ದು ಯಾವ ಜನ?’ ಎಂದು ಕೇಳುವುದುಂಟಲ್ಲ, ಆ ಪ್ರಶ್ನೆಯ ಉತ್ತರದ ಮೇಲೆಯೇ ನಂಜಪ್ಪನವರ ಬದುಕು. ಪ್ರತಿ ಜನಾಂಗದ ಸಂಘದವರೂ ತಮ್ಮವರ ಹೆಸರು, ಊರು, ಫೋನು, ಮದುವೆಗಿರುವ ಮಕ್ಕಳ ವಿವರ ಸೇರಿಸಿ ಒಂದೊಂದು ದಪ್ಪ ಪುಸ್ತಕ ಹೊರತರುತ್ತಾರೆ. ಹಲಗೆಯ ಮೇಲೆ ‘ಜನಾಂಗ’ ಎಂದು ಕಂಡಾಗ ಅವರ ಕಣ್ಣು ಹೊಳೆದ ರೀತಿ ನೋಡಬೇಕಿತ್ತು.

‘ಯಾವ ಜನಾಂಗದ್ದು ಮ್ಯಾಡಂ ಇದು?’

‘ಎಲ್ಲಾ ಜನಾಂಗದ್ದೂ’ ಎಂದೆ ನಾನು. ಸುಳ್ಳೇನಲ್ಲ.

‘ಎಲ್ಲಾದೂ ಒಂದ್ರಲ್ಲೇನಾ!’ ಎಂದವರೇ ಬ್ಯಾಗಿಗೆ ಹಾಕಿಕೊಂಡರು. ಹೆಣ್ಣಿನ ತಾಯಿಯನ್ನು ಮಾತಾಡಿಸುವುದನ್ನೂ ಮರೆತು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಶುಕ್ರವಾರ ಬೆಳಗ್ಗೆ ಲಗೇಜು ಆಟೋದಲ್ಲಿ ಖಾರದಪುಡಿ ಮಿಷನ್ನು ಬಂದು ಬಾಗಿಲಲ್ಲಿ ನಿಂತಿತು. ಮಾವ ಕಾಲೇಜಿಗೆ ರಜೆ ಹಾಕಿದ್ದರು. ಮಾತಿನಂತೆ ಮೊದಲನೆಯ ಬಂಡಲ್ಲನ್ನು ತಾವೇ ಹೆಗಲಿಗೇರಿಸಿಕೊಂಡು ಹೊರಗೆ ಬಂದರು. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ನಂಜಪ್ಪ ಪುಸ್ತಕವನ್ನು ಮೇಲೆತ್ತಿ ಆಡಿಸುತ್ತ ಬರುವುದು ಕಂಡಿತು.

‘ಯಾವನ್ರೀ ಇದುನ್ನ ಬರ‍್ದೋನು?’

ಮಾವ ಬಂಡಲ್ಲು ಹೊತ್ತುಕೊಂಡೇ, ‘ನಾನು’ ಎಂದರು.

‘ನೀವಾ! ಏನ್ ಸಾ, ನನ್ ಹೊಟ್ಟೆ ಮ್ಯಾಲೆ ಹೊಡೆಯಕ್ಕೆ ಬರ‍್ದಿದೀರಾ? ಈಗ ಬತ್ತದೆ, ಆಗ ಬತ್ತದೆ ಅಂತ ಒಂದೊಂದು ಪುಟನೂ ತಿರುವ್ದೆ. ಒಂದು ಗಂಡಿಲ್ಲ, ಒಂದು ಎಣ್ಣಿಲ್ಲ, ಒಂದು ಫೋನ್ ನಂಬರಿಲ್ಲ! ಓಗ್ಲಿ ಅಂತ ಓದ್ಕಂಡೋದ್ರೆ ಎಂಥದು ಸಾ ಇದು?’

ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಮಿಷನ್ನು ಅವರ ಬೆನ್ನಿಗೇ ನಿಂತಿತ್ತು. ಬೇಕಿದ್ದರೆ ಸುಮ್ಮನಿರಬಹುದಿತ್ತು. ‘ನಂಜಪ್ಪೋರೆ, ಪೂರ್ತಿ ಓದುದ್ರಾ?’ ಎಂದು ಅವರೇ ಕೇಳಿದರು.

‘ಓದ್ದೆ ಕಣಮ್ಮ, ಕೋಪಕ್ಕೆ ನಿದ್ದೇನೇ ಬರ‍್ನಿಲ್ಲ.’

‘ಕೊನೇಲಿ ಏನೈತೆ ಏಳಿ ನೋಡಾವ.’

‘ಏನೈತೆ! ಜನಾಂಗ ಅನ್ನದು ರಕ್ತದಲ್ಲಿ ಇಲ್ವಂತೆ. ಉಟ್ಟಾಗ ತರೋದಲ್ವಂತೆ. ಆಮೇಲೆ ಮನುಷ್ಯ್ರೇ ಕೂತ್ಕಂಡು ಮಾಡ್ಕಂಡಿರೋದಂತೆ. ಮಾಡ್ಕಂಡಿರೋದು ಅಂತ ನಂಗೆ ಗೊತ್ತಿಲ್ವಾ ಸಾ? ಇಷ್ಟು ವರ್ಷದಿಂದ ಮಾಡ್ತಿರೋನೇ ನಾನು! ಅದುನ್ನ ಇಂಗೆ ಅಚ್ಚಾಕ್ಸಿ ಮಿಲ್ಲಲ್ಲಿ ಇಟ್ಬುಟ್ರೆ ನಾನು ಬಾಳಾಟ ಮಾಡ್ಬೇಕಾ ಬ್ಯಾಡ್ವಾ?’

ಎಲ್ಲರೂ ನನ್ನತ್ತ ನೋಡಿದರು. ತೀರ್ಪಿಗೆ ಗಂಭೀರವಾದ ಒಂದು ವಾಕ್ಯವನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ಅದು ನೆನಪಾಗಲಿಲ್ಲ. ‘ಓದಿದಾರೆ’ ಎಂದೆ.

ಮಾವ ಬಂಡಲ್ಲು ಇಳಿಸಿ, ಒಳಗೆ ಓಡಿ, ತಾವು ಬರೆಯುವಾಗ ಕೂರುವ ಕುರ್ಚಿಯನ್ನೇ ತಂದು ಬೀದಿಯಲ್ಲಿ ಹಾಕಿದರು. ‘ಕೂತ್ಕೊಳ್ಳಿ ಸರ್, ದಯವಿಟ್ಟು ಕೂತ್ಕೊಳ್ಳಿ, ಇನ್ನೂ ಬೈಯಿರಿ’ ಎಂದರು. ಅವರ ಕನ್ನಡಕ ಮಂಜಾಗಿತ್ತು. ನಂಜಪ್ಪ ಆ ಮರ್ಯಾದೆಗೆ ಕಕ್ಕಾಬಿಕ್ಕಿಯಾಗಿ ಕೂತರು. ಆಮೇಲೆ ಇಬ್ಬರೂ ಮಧ್ಯಾಹ್ನದವರೆಗೆ ಜಗಳವಾಡಿದರು. ಆಟೋದವನು ಹಾರನ್ ಹೊಡೆದು ಹೊಡೆದು ಸಾಕಾಗಿ, ತಾನೂ ಬೆಂಚಿನ ಮೇಲೆ ಕೂತು ನಂಜಪ್ಪನವರ ಪಕ್ಷ ಸೇರಿಕೊಂಡ. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟು ಮಿಷನ್ನನ್ನು ಪಡಸಾಲೆಯಲ್ಲಿ, ನನ್ನ ಮಂಚವಿದ್ದ ಜಾಗದಲ್ಲಿ ಇಳಿಸಿದರು. ಪರೀಕ್ಷೆ ಮುಗಿಯುವವರೆಗೂ ನಾನು ಪುಸ್ತಕದ ಬಂಡಲ್ಲುಗಳ ನಡುವೆ ಸೀನುತ್ತ ಮಲಗಿದೆ. ಮಾವ ಆರನೆಯ ಪುಸ್ತಕ ಶುರು ಮಾಡಿದರು. ಅದಕ್ಕೆ ಮಾತ್ರ ಶೀರ್ಷಿಕೆ ಅತ್ತೆ ಇಡಬೇಕೆಂದು ತೀರ್ಮಾನವಾಗಿದೆ. ‘ನೋಡ್ದೋರಿಗೆ ಗೊತ್ತಾಗಂಗೆ ಎರಡು ಸಾಲಾದ್ರೂ ಇರ‍್ಲಿ’ ಎನ್ನುತ್ತಾರೆ ಅವರು.

ನಂಜಪ್ಪ ಆ ಪುಸ್ತಕವನ್ನು ಹಿಂದಿರುಗಿಸಲೇ ಇಲ್ಲ. ಒಳಪಂಗಡ ಬೇರೆ ಎಂದು ಯಾವುದಾದರೂ ಸಂಬಂಧ ಮುರಿಯುವ ಹಾಗಿದ್ದರೆ, ಈಗ ಬ್ಯಾಗಿನಿಂದ ಅದನ್ನು ತೆಗೆದು, ‘ನೋಡಿ, ಅಂಥದ್ದೇನೂ ಇಲ್ವಂತೆ, ಅಚ್ಚಲ್ಲೇ ಐತೆ’ ಎಂದು ತೋರಿಸುತ್ತಾರಂತೆ. ಕೆಲವು ಮದುವೆ ಕುದುರಿಯೂ ಇವೆಯಂತೆ. ತಮ್ಮ ಪುಸ್ತಕ ಕಮಿಷನ್ನಿಗೆ ದುಡಿಯುತ್ತಿದೆ ಎಂದು ಮಾವನಿಗೆ ಕಸಿವಿಸಿ. ಆದರೂ ದುಡಿಯುತ್ತಿದೆಯಲ್ಲ ಎಂದು ಒಳಗೊಳಗೆ ಖುಷಿ.

ಇಷ್ಟನ್ನು ಬರೆದು ಮುಗಿಸಿ ಏಳುವುದರಲ್ಲಿದ್ದೆ, ಈ ಭಾನುವಾರ ಬೆಳಗ್ಗೆ ನಂಜಪ್ಪನವರದೇ ಫೋನು ಬಂತು. ಗಿರಿಜತ್ತೆ ನಂಬರು ಕೊಟ್ಟಿದ್ದರಂತೆ.

‘ಮ್ಯಾಡಂ, ನಿಮ್ಗೊಂದು ಹುಡುಗುನ್ನ ನೋಡಿದೀನಿ. ಅರಕಲಗೂಡಲ್ಲಿ ಇಂಜಿನಿಯರು. ಓದೋ ಹುಚ್ಚು. ಮನೆಗೆ ಬರೋ ಪೇಪರ‍್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಇಡ್ತಾನೆ ಕಣಿ!’

ತಾರೀಖಿನ ಪ್ರಕಾರ! ನನ್ನದೇ ಚಾಳಿ. ಹುಡುಗನ ಬಗ್ಗೆ ಕೇಳಬೇಕಾದದ್ದು ಎಷ್ಟೋ ಇತ್ತು. ಆದರೆ ನನ್ನ ಬಾಯಿಂದ, ನಾನು ಕರೆಯದೆಯೇ, ಮೊದಲು ಹೊರಬಿದ್ದದ್ದು ಇದು:

‘ಯಾವ ಜನ?’

ನಂಜಪ್ಪ ತುಂಬ ಮರ್ಯಾದೆಯಿಂದ, ‘ಮ್ಯಾಡಂ, ನಿಮ್ ಮಾವನ ಪುಸ್ತಕ ನೀವು ಓದಿಲ್ವಾ?’ ಎಂದು ಕೇಳಿದರು.

‘ಟೈಪು ಮಾಡಿದೀನಿ’ ಎಂದೆ.

‘ಅದ್ ಬ್ಯಾರೆ ಬುಡಿ. ಓದಿ. ಮುಗಿಸ್ಬುಟ್ಟು ಫೋನ್ ಮಾಡಿ.’ ಇಟ್ಟೇಬಿಟ್ಟರು.

ಈಗ ಓದುತ್ತಿದ್ದೇನೆ. ಚೆನ್ನಾಗಿಯೇ ಬರೆದಿದ್ದಾರೆ ಮಾವ. ಒತ್ತಕ್ಷರಗಳನ್ನು ಮಾತ್ರ ನಾನು ಅಲ್ಲಲ್ಲಿ ಹಾಳು ಮಾಡಿದ್ದೇನೆ. ಇನ್ನು ಎರಡು ಅಧ್ಯಾಯ ಬಾಕಿ. ಬೇಗ ಮುಗಿಸಬೇಕು, ಹುಡುಗನ ಹೆಸರನ್ನೇ ಕೇಳಿಲ್ಲ.