ನರ್ಸುಗಳ ಕುಣಿತಕ್ಕೆ ಮಾಮನ ಸಂಗೀತ

ಮನೆಯವರು ಅವನಿಗೆ ‘ಇನ್ನೊಂಚೂರು’ ಎಂದು ಹೆಸರಿಟ್ಟಿದ್ದರು. ಊಟಕ್ಕೆ ಕರೆದರೂ ಮಲಗು ಎಂದರೂ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಹಗಲು ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವುದು ಹೊಟ್ಟೆಪಾಡು. ಸಂಜೆ ಇಸ್ತ್ರಿ ಮೇಜಿಗೂ ಹಳೆಯ ಹಾಸಿಗೆಗಳಿಗೂ ನಡುವೆ ಕಂಪ್ಯೂಟರ್ ಮುಂದೆ ಕೂತು ಎಲೆಕ್ಟ್ರಾನಿಕ್ ಸಂಗೀತ ಕಟ್ಟುವುದು ಅವನ ಪ್ರಾಣ. ಹನ್ನೊಂದು ವರ್ಷದಿಂದ ಕಟ್ಟುತ್ತಲೇ ಇದ್ದ. ಮುಗಿದದ್ದು ಒಂದೂ ಇಲ್ಲ. ಅದು ಅವನಿಗೆ ಸೋಲಾಗಿ ಕಂಡಿರಲಿಲ್ಲ. ಬೇಗ ಮುಗಿಸುವವರ ಕಿವಿ ಅಷ್ಟು ಸೂಕ್ಷ್ಮವಲ್ಲ ಎಂದು ನಂಬಿದ್ದ.

ಅಕ್ಕನ ಮಗಳು ಆಸ್ಪತ್ರೆಯಲ್ಲಿ ನರ್ಸು. ವಾರ್ಷಿಕೋತ್ಸವಕ್ಕೆ ತಾವು ಎಂಟು ಜನ ಕುಣಿಯುತ್ತೇವೆ, ಆರು ನಿಮಿಷದ ಸಂಗೀತ ಮಾಡಿಕೊಡು ಎಂದು ಅವಳು ಬಂದು ಕೇಳಿದಾಗ ಮಾಮನಿಗೆ ನೆಲವೇ ಕಾಣಲಿಲ್ಲ. ಮೂರು ತಿಂಗಳಲ್ಲಿ ಮೂವತ್ತೆಂಟು ಸಿಂಥ್ ಪೇರಿಸಿದ. ಸಿಂಥ್ ಎಂದರೆ ಮನೆಯಲ್ಲಿ ಜಾಗ ಹಿಡಿಯುವ ವಾದ್ಯವಲ್ಲ, ಕಂಪ್ಯೂಟರಿನೊಳಗಿನ ವಾದ್ಯ. ಪ್ರತಿ ಸಲ ಹಾಡು ಹಚ್ಚಿದಾಗಲೂ ಹೊಸದಾಗಿ ಲೆಕ್ಕ ಹಾಕಿ ಸದ್ದು ಹುಟ್ಟಿಸಬೇಕು. ಮೂವತ್ತೆಂಟನ್ನು ಒಟ್ಟಿಗೆ ಹೊತ್ತ ಕಂಪ್ಯೂಟರ್ ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟುತ್ತಿತ್ತು. ಕೇಳಲು ಬಂದ ಸೋದರ ಸೊಸೆ ಅರ್ಧಕ್ಕೇ ಕೈ ಎತ್ತಿದಳು.

“ಮಾಮ, ನಿನ್ನ ಹಾಡಿಗೆ ಬಿಕ್ಕಳಿಕೆ ಬಂದಿದೆ.”

ರಿಪೇರಿಯವನು ಬಂದು ನೋಡಿ, ಯಂತ್ರಕ್ಕೆ ಏನೂ ಆಗಿಲ್ಲ, ಸಿಂಥ್‌ಗಳನ್ನೆಲ್ಲ ರೆಂಡರ್ ಮಾಡಿ ಆಡಿಯೋ ಮಾಡಿಕೊಳ್ಳಿ, ಭಾರ ಇಳಿಯುತ್ತದೆ ಎಂದ. ಅಂದರೆ ಸದ್ದನ್ನು ಒಂದು ಸಲ ಅಚ್ಚು ಹಾಕಿಬಿಡುವುದು. ಆಮೇಲೆ ಕಂಪ್ಯೂಟರಿಗೆ ಲೆಕ್ಕವಿಲ್ಲ, ತಿರುಗಿಸಲು ಗುಂಡಿಯೂ ಇಲ್ಲ. ಇದನ್ನು ಕೇಳಿ ಅವನ ಮುಖ ಹಲ್ಲು ಕೀಳಿಸಲು ಕೂತವನ ಮುಖವಾಯಿತು. ಸಂಗೀತ ಬದುಕಿರುವ ವಸ್ತು, ಬದುಕಿರುವುದನ್ನು ಮಂಜುಗಡ್ಡೆಯಲ್ಲಿ ಇಡುವುದು ಹೇಗೆ ಎಂದು ಅರ್ಧ ಗಂಟೆ ಕೊರೆದ. ರಿಪೇರಿಯವನು ನೀರು ಕುಡಿದು ಹೋದ. ಸೊಸೆ ಮಾತ್ರ ಒಂದು ವಾರದ ಗಡುವು ಕೊಟ್ಟಳು.

ಅವನು ರೆಂಡರ್ ಮಾಡಿದ. ಹೊಸ ಫಜೀತಿ ಶುರುವಾದದ್ದೇ ಅಲ್ಲಿಂದ. ಮುಖ್ಯ ರಾಗ ನುಡಿಸುವ ಸಿಂಥ್‌ನಲ್ಲಿ ಸ್ವರ ತನ್ನಿಷ್ಟಕ್ಕೆ ಕೊಂಚ ಅಲುಗಾಡುವಂತೆ ಒಂದು ಗುಂಡಿ ತಿರುಗಿಸಿಟ್ಟಿದ್ದ. ಹಾಗಾಗಿ ಪ್ರತಿ ರೆಂಡರೂ ಕೂದಲೆಳೆಯಷ್ಟು ಬೇರೆಯಾಗಿ ಬರುತ್ತಿತ್ತು. ಮೊದಲ ಕಡತಕ್ಕೆ ‘ಫೈನಲ್’ ಎಂದು ಹೆಸರು ಕೊಟ್ಟ. ಆಮೇಲೆ ‘ಫೈನಲ್ ಎರಡು’, ‘ನಿಜವಾದ ಫೈನಲ್’, ‘ಇದೇ ಫೈನಲ್’. ನಲವತ್ತೊಂದು ಆದವು. ಹೆಂಡತಿಯನ್ನು ಕೂರಿಸಿ ಹದಿನೇಳನೆಯದು ಚೆನ್ನಾಗಿದೆಯೋ ಇಪ್ಪತ್ತಮೂರನೆಯದೋ ಎಂದು ಕೇಳಿದ. ಅವಳು ಎರಡೂ ಒಂದೇ ಥರ ಇದೆ ಎಂದಳು. ಇನ್ನೊಂದು ಸಲ ಕೇಳಿಸಿದ.

“ಅಂಗಡೀಲಿ ದಿನಾ ಇದನ್ನೇ ತಾನೇ ಕೇಳ್ತೀರಾ ನೀವು? ಈ ಗಾಜು ಸರಿಯೋ, ಆ ಗಾಜು ಸರಿಯೋ ಅಂತ,” ಎಂದಳು ಅವಳು. “ಎರಡೂ ಒಂದೇ ಅಂದ್ರೆ ಐದು ನಿಮಿಷದಲ್ಲಿ ನಂಬರ್ ಬರೆದು ಕಳಿಸ್ತೀರಲ್ಲ. ಹಾಗೇ ಬರೀರಿ.”

ಅದು ಬರೀ ಕಣ್ಣು, ಇದು ಕಿವಿ ಎಂದ ಅವನು.

ಗಡುವಿನ ದಿನ ಅವನು ಅಂಗಡಿಯಲ್ಲಿದ್ದಾಗ ಸೊಸೆ ಬಂದಳು. ಅವನ ಹೆಂಡತಿ ಕಂಪ್ಯೂಟರ್ ತೆರೆದುಕೊಟ್ಟಳು. ಅಷ್ಟೊಂದು ಫೈನಲ್‌ಗಳ ನಡುವೆ ಬರೀ ‘ಫೈನಲ್’ ಎಂದಿದ್ದದ್ದೇ ಸಭ್ಯವಾಗಿ ಕಂಡು ಸೊಸೆ ಅದನ್ನೇ ತೆಗೆದುಕೊಂಡು ಹೋದಳು. ಯಾವುದು ಒಯ್ದೆ ಎಂದು ಸಂಜೆ ಫೋನಿನಲ್ಲಿ ಕೇಳಿದ್ದಕ್ಕೆ “ಫೈನಲ್” ಎಂದಳು. ನಲವತ್ತೊಂದನೆಯದೇ ಇರಬೇಕು ಎಂದು ಅವನು ಸಮಾಧಾನಪಟ್ಟ. ತಾಲೀಮಿಗೆ ಮಾತ್ರ ಅವಳು ಅವನನ್ನು ಹತ್ತಿರ ಸೇರಿಸಲಿಲ್ಲ. ಬಂದರೆ ತಿದ್ದಲು ಕೂರುತ್ತಾನೆಂದು ಎಂಟು ನರ್ಸುಗಳೂ ಒಮ್ಮತದಿಂದ ತೀರ್ಮಾನಿಸಿದ್ದರು.

ವಾರ್ಷಿಕೋತ್ಸವದ ಸಭಾಂಗಣದಲ್ಲಿ ಅವನು ಮೂರನೆಯ ಸಾಲಿನಲ್ಲಿ ಹೊಸ ಷರ್ಟು ಹಾಕಿಕೊಂಡು ಕೂತಿದ್ದ. ಸಂಗೀತ ಶುರುವಾಯಿತು. ಎರಡನೆಯ ನಿಮಿಷಕ್ಕೆ ಮುಖ್ಯ ರಾಗ ಬರಬೇಕು. ಬರಲಿಲ್ಲ. ತಾಳ ಮಾತ್ರ ಹೋಗುತ್ತಿತ್ತು, ಕೆಳಗೊಂದು ಗುಂಯ್ ಎನ್ನುವ ಸದ್ದು. ಆಗ ಅವನಿಗೆ ಹೊಳೆಯಿತು: ಮೊದಲ ಕಡತವನ್ನು, ಭಾರ ಇಳಿಯುತ್ತದೋ ನೋಡೋಣವೆಂದು, ರಾಗದ ಸಿಂಥ್‌ನ ಬಾಯಿ ಮುಚ್ಚಿ ಅಚ್ಚು ಹಾಕಿದ್ದ. ಎದ್ದು ನಿಂತ. ಹೆಂಡತಿ ಷರ್ಟು ಹಿಡಿದು ಕೂರಿಸಿದಳು.

ವೇದಿಕೆಯ ಮೇಲೆ ಆ ಖಾಲಿಯಲ್ಲಿ ಎಂಟು ಜನ ಕಾಲು ಬಡಿಯುತ್ತಿದ್ದರು. ಮಾಮ ಕೊನೆಗೂ ಏನನ್ನೋ ಕಡಿಮೆ ಮಾಡಿದನಲ್ಲ ಎಂದು ಸೊಸೆ ಸಂತೋಷಪಟ್ಟು, ಅಲ್ಲಿಗೆ ಹೆಜ್ಜೆಗಳ ಸದ್ದನ್ನೇ ಹೊಂದಿಸಿದ್ದಳು. ಹಗಲಿಡೀ ವಾರ್ಡುಗಳಲ್ಲಿ ಸದ್ದಾಗದಂತೆ ನಡೆಯುವ ಕಾಲುಗಳು ಈಗ ಹಲಗೆ ಮುರಿಯುವಂತೆ ಬೀಳುತ್ತಿದ್ದವು. ಅವನಿಗೆ ಅಳು ಬಂತು. ರಾಗ ಹೋದ ದುಃಖಕ್ಕೋ, ಅದಿಲ್ಲದೆಯೂ ಇಷ್ಟು ಚೆನ್ನಾಗಿದೆಯಲ್ಲ ಎಂಬುದಕ್ಕೋ, ಅವನಿಗೇ ತಿಳಿಯಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ದೊಡ್ಡ ಡಾಕ್ಟರು ಹುಡುಕಿಕೊಂಡು ಬಂದು ಕೈ ಕುಲುಕಿದರು.

“ನಡುವೆ ಖಾಲಿ ಬಿಟ್ಟಿದೀರಲ್ಲ, ಅದಕ್ಕೆ ಧೈರ್ಯ ಬೇಕು.”

ಅವನು ಒಂದು ಕ್ಷಣ ಹೆಂಡತಿಯ ಕಡೆ ನೋಡಿದ. ಆಮೇಲೆ ಮೌನದ ಮಹತ್ವವನ್ನು ಕುರಿತು, ತುಂಬುವುದು ಎಲ್ಲರಿಗೂ ಬರುತ್ತದೆ, ಬಿಡುವುದೇ ಕಷ್ಟ ಎಂದು ಡಾಕ್ಟರರ ಚಹಾ ಆರುವ ತನಕ ವಿವರಿಸಿದ.

ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಕೇಳಿದಳು.

“ಅದನ್ನು ಖಾಲಿ ಬಿಡೋಕೆ ನಿಮಗೆ ಎಷ್ಟು ದಿನ ಹಿಡೀತು?”

“ಎರಡು ತಿಂಗಳು,” ಎಂದ ಅವನು, ಕಿಟಕಿಯ ಕಡೆ ತಿರುಗಿ.

ಆ ತಿಂಗಳಲ್ಲೇ ಅವನು ಹನ್ನೊಂದು ವರ್ಷದ ಹಾಡುಗಳನ್ನೆಲ್ಲ ರಾಗ ಕಿತ್ತು ರೆಂಡರ್ ಮಾಡಿ ಮುಗಿಸಿಬಿಟ್ಟ. ಕೇಳಿದವರು ಯಾರೂ ಇಲ್ಲ. ನರ್ಸುಗಳ ಸಂಗೀತವನ್ನು ಮಾತ್ರ ಆಸ್ಪತ್ರೆಯವರು ಫೋನಿಗೆ ಹಾಕಿಕೊಂಡರು, ಫೋನ್ ಹಿಡಿದು ಕಾಯುವವರು ಕೇಳಲೆಂದು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅವನು ಅಲ್ಲಿಗೆ ಫೋನ್ ಮಾಡುತ್ತಾನೆ. ಒಂದು ದಿನ ಎರಡನೆಯ ನಿಮಿಷಕ್ಕೆ ಮೊದಲೇ ಆಪರೇಟರ್ ಎತ್ತಿಕೊಂಡು, ಡಾಕ್ಟರು ಬಿಡುವಾಗಿದ್ದಾರೆ, ಲೈನ್ ಕೊಡಲಾ ಎಂದಳು.

“ಬೇಡಮ್ಮ,” ಎಂದ ಅವನು. “ನಾನು ಕಾಯ್ತೀನಿ.”